ವಾಹನಗಳು ನಿಧಾನವಾಗಿ ಸಾಗುತ್ತಿವೆ

ಜುಲೈ 2, ಬುಧವಾರ

ಸುದ್ದಿಯ ಸಾಲು ತೋರಿಸುವ ಪ್ರಾಂಪ್ಟರ್ ಮತ್ತೆ ಕೈಕೊಟ್ಟಿತು. ಒಂದೇ ವಾರದಲ್ಲಿ ಮೂರನೇ ಸಲ. ವಾರ್ತೆ ಓದುವವಳ ಮುಂದೆ ಹಾಳೆ ಹಿಡಿಯುವವರು ಯಾರು? ನಾನೇ. ಇಪ್ಪತ್ತೆರಡು ವರ್ಷ ಸರ್ವೀಸಾದ ಸುದ್ದಿ ಸಂಪಾದಕಿ, ಕ್ಯಾಮೆರಾದ ಕೆಳಗೆ ಮಂಡಿಯೂರಿ, ದಪ್ಪ ಅಕ್ಷರದ ಹಾಳೆಗಳನ್ನು ಒಂದೊಂದಾಗಿ ಸರಿಸುತ್ತ... ಮಂಡಿ ಇನ್ನೂ ನೋಯುತ್ತಿದೆ.

ಓದುವವಳು ಹೊಸಬಳು. ಮಹಾಪ್ರಾಣ ನಾಲಿಗೆಗೆ ಹತ್ತುವುದಿಲ್ಲ. ಅದಕ್ಕೇ ನಾನಿಟ್ಟ ಹೆಸರು ಅಲ್ಪಪ್ರಾಣ. ಇವತ್ತು 'ಧನಸಹಾಯ' ಹೋಗಿ 'ದನಸಾಯ' ಆಯಿತು. ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

ಬುಲೆಟಿನ್ ಮುಗಿದ ಮೇಲೆ ಕೇಂದ್ರದ ಮುಖ್ಯಸ್ಥರು ಎಲ್ಲರನ್ನೂ ಕರೆದರು. ಈ ಮನುಷ್ಯ ಮನೆಯಲ್ಲಿ ಚಹಾ ಕೇಳುವುದೂ ಸುತ್ತೋಲೆಯ ಭಾಷೆಯಲ್ಲೇ ಇರಬೇಕು. ಆಫೀಸಿನಲ್ಲಿ ಹೆಸರೇ ಸುತ್ತೋಲೆ. ಕಾಗದ ಓದಿದರು — 'ಪ್ರಾದೇಶಿಕ ವಾರ್ತಾ ಸೇವೆಗಳ ಮರುಹೊಂದಾಣಿಕೆ'. ಮೂವತ್ತೊಂದಕ್ಕೆ ನಮ್ಮ ಆರೂವರೆಯ ಬುಲೆಟಿನ್ ಕೊನೆ. ಮರುದಿನದಿಂದ ರಾಜಧಾನಿಯಿಂದ ಎಲ್ಲರಿಗೂ ಒಂದೇ ವಾರ್ತೆ. ಅದರಲ್ಲಿ ನಮ್ಮ ಊರಿಗೆ ತೊಂಬತ್ತು ಸೆಕೆಂಡು. ಸುದ್ದಿ ಇದ್ದರೆ ಮಾತ್ರ.

ಮನೆಗೆ ಬಂದರೆ ಅತ್ತೆ ಎದುರಾಳಿ ಚಾನೆಲ್ ಹಾಕಿಕೊಂಡು ಕೂತಿದ್ದರು. ಸೊಸೆ ದುಡಿಯುವ ಚಾನೆಲ್ ಇವರಿಗೆ ಬೇಡ.

“ಅವ್ರದ್ರಲ್ಲಿ ಏನಾದ್ರೂ ಆಗ್ತಾ ಇರುತ್ತಮ್ಮ. ನಿಮ್ದ್ರಲ್ಲಿ ಬರೀ ಕುರ್ಚಿ ಮೇಲೆ ಕೂತವ್ರೇ ಬರ್ತಾರೆ.”

ಸುಳ್ಳಲ್ಲ. ಸಿಟ್ಟು ಬಂದದ್ದು ಅದಕ್ಕೇ.

ಜುಲೈ 5, ಶನಿವಾರ

ವೀಕ್ಷಕರ ಪಟ್ಟಿ ಬಂತು. ನೂರು ಮನೆಯಲ್ಲಿ ನಮ್ಮದು ಮೂರು, ಎದುರಿನವರದು ಹನ್ನೊಂದು. ಎದುರಿನವರು ಅಂದರೆ ನಿಜಕ್ಕೂ ಎದುರು — ರಸ್ತೆ ದಾಟಿದರೆ ಅವರ ಗಾಜಿನ ಕಟ್ಟಡ. ನನ್ನ ಮೇಜಿನಿಂದ ಅವರ ಗೇಟು ಕಾಣುತ್ತದೆ. ಆರು ವ್ಯಾನು, ಒಂದು ಡ್ರೋನ್. ನಮ್ಮಲ್ಲಿ ಕ್ಯಾಮೆರಾ ಐದಿದ್ದದ್ದು ಎರಡಾಗಿದೆ. ಒಂದರ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್.

ಅಲ್ಲಿಯ ಸಂಪಾದಕ ನನ್ನ ಕೈಯಲ್ಲೇ ಪಳಗಿದವನು. ಎರಡು ವರ್ಷದ ಹಿಂದೆ ರಸ್ತೆ ದಾಟಿದ. ನನ್ನ ಶಿಷ್ಯ. ಈಗ ತೆರೆಯನ್ನು ಆರು ಚೌಕ ಮಾಡಿ, ಆರರಲ್ಲೂ ಕಿರುಚುವವರನ್ನು ಕೂರಿಸುತ್ತಾನೆ.

ನಮ್ಮಲ್ಲಿ ಕಿರುಚಾಟ ಇಲ್ಲ. ಹಳೆಯ ಚಿತ್ರ ಬಳಸಿದರೆ ತೆರೆಯ ಬಲಮೂಲೆಯಲ್ಲಿ 'ಹಳೆಯ ದೃಶ್ಯ' ಅಂತ ಬರಲೇಬೇಕು. ನಾನು ಮಾಡಿದ ನಿಯಮ. ಅದಿಲ್ಲದೆ ಒಂದು ಸೆಕೆಂಡೂ ಹೊರಗೆ ಬಿಟ್ಟಿಲ್ಲ. ನೋಡುವವರು ಮೂರೇ ಮನೆಯಾದರೂ ಆ ಮೂರು ಮನೆಗೆ ಸುಳ್ಳು ಹೇಳಿಲ್ಲ. ಈ ಕೆಲಸದಲ್ಲಿ ನನಗೆ ಹೆಮ್ಮೆ ಉಳಿದಿರುವುದು ಅದೊಂದರ ಬಗ್ಗೆ.

ಜುಲೈ 9, ಬುಧವಾರ

ಬೆಳಗಿನಿಂದ ಮಳೆ. ಊರಾಚೆಯ ಹಳ್ಳ ಏರುತ್ತಿದೆ ಎಂದು ಐದು ಗಂಟೆಗೆ ಸುದ್ದಿ. ಒಂದು ಕ್ಯಾಮೆರಾ ಮಂತ್ರಿಗಳ ಉದ್ಘಾಟನೆಯಲ್ಲಿ. ಇನ್ನೊಂದರೊಳಗೆ ನೀರು. ಪೊಲೀಸ್ ಕಂಟ್ರೋಲ್ ರೂಮಿಗೆ ಫೋನ್ ಮಾಡಿದೆ. “ನೀರು ಬರ್ತಿದೆ ಮೇಡಂ, ನೋಡ್ತಾ ಇದೀವಿ.” ಅಷ್ಟೇ.

ಆರು ಗಂಟೆಗೆ ಎದುರಿನವರು ಡ್ರೋನ್ ಹಾರಿಸಿದರು. ಹಳ್ಳದ ಮೇಲಿನ ಕಡೆ, ಬಂಡೆಗಳ ಹತ್ತಿರ, ಕೆಂಪು ನೀರು. ಸುತ್ತೋಲೆ ಮೊಬೈಲ್ ಹಿಡಿದುಕೊಂಡು ಎಡಿಟಿಂಗ್ ರೂಮಿಗೆ ಬಂದರು. “ಇದು ನಮ್ಮಲ್ಲಿ ಯಾಕಿಲ್ಲ?”

ಕತ್ತರಿ — ನಮ್ಮ ವಿಡಿಯೊ ಎಡಿಟರ್, ಒಳ್ಳೆ ಕೆಲಸಗಾರ, ಗುತ್ತಿಗೆಯವನು — ಮೂರು ವರ್ಷದ ಹಿಂದಿನ ಚಿತ್ರ ಹುಡುಕಿ ತೆಗೆದ. ಅದೇ ಹಳ್ಳ, ಕೆಳಸೇತುವೆ. ಪಾದ ಮುಳುಗುವಷ್ಟು ನೀರು. ಕೆಂಪು ಬಸ್ಸೊಂದು ಮೆಲ್ಲಗೆ ದಾಟುತ್ತದೆ, ಹಿಂದೆ ಎರಡು ಬೈಕು. ಬಲಮೂಲೆಯಲ್ಲಿ 'ಹಳೆಯ ದೃಶ್ಯ' ಹಾಕಿಯೇ ಕೊಟ್ಟಿದ್ದ.

ಸುತ್ತೋಲೆ ನೋಡಿ, “ಆ ಅಕ್ಷರ ಕಂಡ್ರೆ ಜನ ಎದುರಿನ ಚಾನೆಲ್‌ಗೇ ಹೋಗ್ತಾರೆ” ಅಂದರು. ತೆಗೆಯಿರಿ ಅನ್ನಲಿಲ್ಲ. ಅಂದು, ಬಾಗಿಲು ಹಾಕಿಕೊಂಡು ಹೋದರು.

“ತೆಗಿ ಅದನ್ನ” ಅಂದೆ ನಾನು.

ಕತ್ತರಿ ತಿರುಗಿ ನೋಡಿದ. “ಮೇಡಂ?”

“ತೆಗಿ ಅಂದೆ.”

ಆಮೇಲೆ ಚಿತ್ರಕ್ಕೆ ಮಾತು ಬರೆಯಬೇಕಲ್ಲ. ಕಣ್ಣಿಗೆ ಕಾಣುವುದಕ್ಕೂ ಕಿವಿಗೆ ಕೇಳುವುದಕ್ಕೂ ತಾಳ ತಪ್ಪಬಾರದು — ಬಂದ ಪ್ರತಿಯೊಬ್ಬರಿಗೂ ಮೊದಲ ದಿನ ಹೇಳಿಕೊಡುವ ಪಾಠ. ಚಿತ್ರದಲ್ಲಿ ಬಸ್ಸು ಹೋಗುತ್ತಿದೆ. ಹಾಗಾಗಿ ಬರೆದೆ: 'ಹಳ್ಳದಲ್ಲಿ ನೀರಿನ ಮಟ್ಟ ಏರುತ್ತಿದ್ದು, ಕೆಳಸೇತುವೆಯ ಮೇಲೆ ವಾಹನಗಳು ನಿಧಾನವಾಗಿ ಸಾಗುತ್ತಿವೆ.' ಒಟ್ಟು ಇಪ್ಪತ್ತೆರಡು ಸೆಕೆಂಡು, ಎರಡನೇ ಸುದ್ದಿ.

ಅದೇ ಹಳ್ಳ, ಅದೇ ಸೇತುವೆ. ಯಾರಿಗೆ ಗೊತ್ತಾಗಬೇಕು? ಐದು ಕ್ಯಾಮೆರಾ ಇದ್ದಾಗ ನಿಯಮ ಚೆಂದ. ಎರಡು ಕ್ಯಾಮೆರಾದಲ್ಲಿ ಆರು ವ್ಯಾನಿನ ಜೊತೆ ಓಡು ಅಂದರೆ ಹೀಗೇ ಓಡಬೇಕಾಗುತ್ತದೆ. ಮೈಯೆಲ್ಲ ಉರಿಯುತ್ತಿದೆ.

ಜುಲೈ 10, ಗುರುವಾರ

ನಿನ್ನೆ ಸಂಜೆ ಏಳೂಕಾಲರ ಹೊತ್ತಿಗೆ ಹಾಲಿನ ವ್ಯಾನು ಕೆಳಸೇತುವೆಯಿಂದ ಜಾರಿ ಹಳ್ಳಕ್ಕೆ ಬಿದ್ದಿದೆ. ಚಾಲಕ ಒಬ್ಬನೇ ಇದ್ದ. ಕಾಲು ಸಿಕ್ಕಿಕೊಂಡಿತ್ತು. ಬದುಕಿದ್ದಾನೆ. ಪೊಲೀಸರು ಎಚ್ಚರಿಕೆ ಕೊಟ್ಟರೂ ನುಗ್ಗಿದ ಎಂದು ಅಧಿಕಾರಿ ಹೇಳಿದರು. ಬರೆದೆ — 'ಎಚ್ಚರಿಕೆ ಕಡೆಗಣಿಸಿ ಸೇತುವೆ ದಾಟಲು ಯತ್ನ: ಚಾಲಕನಿಗೆ ಗಂಭೀರ ಗಾಯ.' ಮಧ್ಯಾಹ್ನದ ಮುಖ್ಯಾಂಶದಲ್ಲೇ ಹಾಕಿದೆವು. ಎದುರಿನವರಿಗಿಂತ ಮೂರು ನಿಮಿಷ ಮುಂಚೆ.

ಅವರು ಆಮೇಲೆ 'ನೀರಿಗೆ ಸವಾಲು ಹಾಕಿದ ಶೂರ' ಎಂದು ಗೊಂಬೆ ವ್ಯಾನು ಉರುಳಿಸಿ ಉರುಳಿಸಿ ತೋರಿಸಿದರು. ಅಸಹ್ಯ.

ಸುತ್ತೋಲೆ ಕಾರಿಡಾರಿನಲ್ಲಿ ನಿಂತು ಹೆಬ್ಬೆರಳು ಎತ್ತಿದರು. ನನಗೆ ಖುಷಿಯಾಯಿತು. ಆಗಿತ್ತು ಎಂದು ಬರೆದಿಡುತ್ತೇನೆ.

ಜುಲೈ 14, ಸೋಮವಾರ

ರಿಸೆಪ್ಷನ್‌ನಿಂದ ಫೋನು. ಯಾರೋ ಹೆಂಗಸು, ಎದ್ದು ಹೋಗುತ್ತಿಲ್ಲ, ಸುದ್ದಿ ಬರೆಯುವವರನ್ನೇ ನೋಡಬೇಕಂತೆ. ಇಳಿದು ಹೋದೆ. ಮೂವತ್ತೈದರ ಆಸುಪಾಸು. ಚಪ್ಪಲಿಗೆ ಕೆಸರು. ಬೆಂಚಿನ ತುದಿಯಲ್ಲಿ ಕೂತಿದ್ದಳು.

“ಬರಿಯೋರು ನೀವೇನಾ?”

“ಹೌದಮ್ಮ.”

“ಎಚ್ಚರಿಕೆ ಕಡೆಗಣಿಸಿದ ಅಂತ ಬರೆದ್ರಲ್ಲ, ಎಚ್ಚರಿಕೆ ಕೊಟ್ಟಿದ್ದು ಯಾರು?”

ಹಾಲಿನ ವ್ಯಾನಿನ ಚಾಲಕನ ಹೆಂಡತಿ. ಪೊಲೀಸರು ಅಂದೆ. ಪೊಲೀಸರು ಸೇತುವೆಗೆ ಅಡ್ಡ ಕಟ್ಟಿದ್ದು ಏಳೂವರೆಗೆ, ವ್ಯಾನು ಬಿದ್ದ ಮೇಲೆ ಅಂದಳು.

“ಅವತ್ತು ಡಿಪೋ ಮುಂದೆ ಚಹಾ ಅಂಗಡೀಲಿ ನಿಮ್ಮ ವಾರ್ತೆ ನೋಡ್ಕೊಂಡೇ ಹೊರಟಿದ್ದು ನಮ್ಮನೆಯವ್ರು. ಹೊರಡೋ ಮುಂಚೆ ನನಗೆ ಫೋನ್ ಮಾಡಿದ್ರು. ಸುತ್ತು ಹಾಕ್ಕೊಂಡ್ ಬರ್ತೀರಾ ಅಂತ ಕೇಳ್ದೆ. ಇಲ್ಲ, ಕೆಳಸೇತುವೇಲಿ ಬಸ್ಸೇ ಹೋಗ್ತಾ ಇದೆ, ಟೀವೀಲಿ ಈಗ ತೋರಿಸಿದ್ರು ಅಂದ್ರು.”

ಎಡಗಾಲು ಮಂಡಿಯ ಕೆಳಗೆ ತೆಗೆದಿದ್ದಾರೆ. ಹಾಲಿನ ಕಂಪನಿಯವರು ಸಸ್ಪೆಂಡ್ ಮಾಡಿದ್ದಾರೆ. ಬೇಕಂತಲೇ ನುಗ್ಗಿದ್ದು ಎನ್ನುವುದಕ್ಕೆ ಸಾಕ್ಷಿ ಏನೆಂದರೆ ನಮ್ಮ ಸುದ್ದಿ. ತಿಂಗಳು ಕಳೆದು ಒಂದು ವಾರದಲ್ಲಿ ವಿಚಾರಣೆ ಮುಗಿಸುತ್ತಾರಂತೆ. ಕುಡಿದಿದ್ದ ಎಂದು ಬೀದಿಯ ಜನ ತಾವೇ ಸೇರಿಸಿದ್ದಾರೆ.

“ಎದುರುಗಡೆ ಚಾನೆಲ್‌ಗೂ ಹೋಗಿದ್ರಾ?” ಕೇಳಿದೆ. ಯಾಕೆ ಕೇಳಿದೆನೋ.

“ಅವ್ರು ಕಿರುಚೋರು. ಅವ್ರು ಅಂದಿದ್ದಕ್ಕೆ ನಾವು ಅಷ್ಟು ಬೇಜಾರ್ ಮಾಡ್ಕೊಂಡಿಲ್ಲ. ನಮ್ಮನೇಲಿ ನೋಡೋದು ನಿಮ್ದೇ. ನಮ್ಮನೆಯವ್ರ ತಪ್ಪಿಲ್ಲ ಅಂತ ಟೀವೀಲಿ ಹೇಳಿ ಮೇಡಂ. ಇನ್ನೇನೂ ಕೇಳಲ್ಲ.”

ನೋಡುತ್ತೇನೆ ಅಂದೆ. ಅವಳು ತಲೆ ಅಲ್ಲಾಡಿಸಿ ಎದ್ದು ಹೋದಳು. ಆ ಬಸ್ಸು ಮೂರು ವರ್ಷ ಹಳೆಯದು ಎಂದು ಅವಳಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ. ಹೇಡಿ.

ಜುಲೈ 15, ಮಂಗಳವಾರ

ಸುತ್ತೋಲೆಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿದರು. ಮೇಜಿನ ಮೇಲಿನ ಪೇಪರ್‌ವೇಟ್ ಒಂದು ಸುತ್ತು ತಿರುಗಿಸಿದರು.

“ಚಿತ್ರ ಹಳೇದು ಅಂತ ಆಯಮ್ಮನಿಗೆ ಗೊತ್ತಾ?”

“ಇಲ್ಲ.”

“ಸದ್ಯ.”

ರಾಜಧಾನಿಯ ಹೊಸ ಡೆಸ್ಕಿಗೆ ಇಲ್ಲಿಂದ ಇಬ್ಬರನ್ನು ಕರೆಸುತ್ತಾರಂತೆ. ಪಟ್ಟಿಯಲ್ಲಿ ನನ್ನ ಹೆಸರಿದೆಯಂತೆ. “ನಿಮ್ಮ ಕಡತದಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲ. ಇನ್ನು ಹದಿನಾರು ದಿನ ಹಾಗೇ ಇರ್ಲಿ.” ಅಕಸ್ಮಾತ್ ಯಾರಾದರೂ ಕೇಳಿದರೆ ಇರಲಿ ಎಂದು ಒಂದು ಕಾಗದವನ್ನೂ ಟೈಪ್ ಮಾಡಿಸಿ ಇಟ್ಟಿದ್ದರು — ವಿಡಿಯೊ ಎಡಿಟರ್‌ನ ಅಜಾಗರೂಕತೆಯಿಂದ ಸೂಚನಾಕ್ಷರ ಬಿಟ್ಟುಹೋಗಿದೆ, ಕೆಳಗೆ ನನ್ನ ಸಹಿಗೆ ಜಾಗ. ಅಂದರೆ ಮೊದಲೇ ಗೊತ್ತಿತ್ತು ಇವರಿಗೆ.

“ಅವನು ಹಾಕಿದ್ದ ಸರ್. ತೆಗೆಸಿದ್ದು ನಾನು.”

“ಗುತ್ತಿಗೆಯವನು. ಹೇಗೂ ಮೂವತ್ತೊಂದಕ್ಕೆ ಮನೆಗೆ ಹೋಗೋನೇ ಅಲ್ವಾ?”

ಎಷ್ಟು ಸಲೀಸಾಗಿ ಅಂದರು. ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ. ಸಹಿಯನ್ನೂ ಮಾಡಲಿಲ್ಲ. ಆದರೆ ಕಾಗದ ಹರಿದು ಹಾಕಬೇಕಿತ್ತಲ್ಲ, ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡು ಬಂದಿದ್ದೇನೆ. ಅದು ಯಾತಕ್ಕೆ?

ಜುಲೈ 18, ಶುಕ್ರವಾರ

ಶಿಷ್ಯನ ಫೋನು. ಎರಡು ವರ್ಷದಲ್ಲಿ ಮೊದಲ ಸಲ.

“ಅಕ್ಕಾ, ಹೇಗಿದೀರಾ? ಆ ಕೆಂಪು ಬಸ್ಸು ನೋಡ್ದೆ. ನಾನೇ ತೆಗೆದಿದ್ದಲ್ವಾ ಅದು. ಮೊಣಕಾಲುದ್ದ ಕೆಸರಲ್ಲಿ ನಿಲ್ಲಿಸಿದ್ರಿ ನನ್ನ.”

ಹೌದು, ಅವನೇ ತೆಗೆದದ್ದು. ಇನ್ನೇನು, ನಾಳೆ ನನ್ನ ಮುಖ ಅವರ ಆರು ಚೌಕದಲ್ಲೂ ಇರುತ್ತದೆ ಅಂದುಕೊಂಡೆ. ಒಂದು ಕ್ಷಣ ಹಗುರ ಕೂಡ ಆಯಿತು.

“ಚಿಂತೆ ಮಾಡ್ಬೇಡಿ ಅಕ್ಕ. ನಾವು ಬಾಯಿ ಬಿಡಲ್ಲ. ನಮ್ಮಲ್ಲೂ ಇಂಥದ್ದು ದಿನಾ ನಡೆಯುತ್ತೆ, ನಿಮಗೂ ಕಾಣ್ತಾ ಇರುತ್ತೆ. ಒಬ್ರ ಮೇಲೊಬ್ರು ಶುರು ಹಚ್ಕೊಂಡ್ರೆ ಎರಡೂ ಕಡೆ ಅಂಗಡಿ ಮುಚ್ಬೇಕಾಗುತ್ತೆ.”

“ಆ ಡ್ರೈವರ್ ಗತಿ?”

“ಅವ್ನಿಗೆ ಗೊತ್ತಿಲ್ವಲ್ಲ ಅಕ್ಕ.”

ಇಡೀ ದಿನ ಸೆಕೆಂಡು ಸೆಕೆಂಡಿಗೆ ಹೊಡೆದಾಡುತ್ತೇವೆ. ಮೈಕಿಗೆ ಮೈಕು ತಾಗಿಸಿ ನೂಕಾಡುತ್ತೇವೆ. ಒಂದೇ ಒಂದು ವಿಷಯದಲ್ಲಿ ಎರಡೂ ಕಟ್ಟಡಕ್ಕೆ ಒಮ್ಮತ. ಫೋನಿಟ್ಟು ಥೂ ಅಂದೆ. ಅವನಿಗೋ ನನಗೋ, ಇಬ್ಬರಿಗೂ.

ಜುಲೈ 22, ಮಂಗಳವಾರ

ಆಸ್ಪತ್ರೆಗೆ ಹೋಗಿ ಬಂದೆ. ಇವರಿಗೆ ಬೆಳಿಗ್ಗೆ ಹೇಳಿದ್ದೆ. “ಹೋಗಿ ಏನ್ ಹೇಳ್ತೀಯಾ? ಇರೋ ಕೆಲ್ಸಾನೂ ಹೋಗುತ್ತೆ. ಸುಮ್ನಿದ್ದುಬಿಡು” ಅಂದರು ಯಜಮಾನರು. ಪೇಪರಿನಿಂದ ಮುಖ ಎತ್ತದೆ.

ಎಂಟು ಮಂಚದ ವಾರ್ಡು. ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಹೊದಿಕೆಯ ಉಬ್ಬು ಒಂದು ಕಡೆ ಬೇಗ ಮುಗಿದುಹೋಗಿತ್ತು. ಹೆಂಡತಿ ಸ್ಟೂಲ್ ಕೊಟ್ಟಳು. ಕೂರಲಿಲ್ಲ. ನಿಂತುಕೊಂಡೇ ಹೇಳಿದೆ. ಬಸ್ಸಿನ ಚಿತ್ರ ಆವತ್ತಿನದಲ್ಲ. ಮೂರು ವರ್ಷ ಹಳೆಯದು. ಹಳೆಯದು ಎಂದು ತೋರಿಸುವ ಅಕ್ಷರ ಇತ್ತು, ನಾನು ತೆಗೆಸಿದೆ. ವಾಹನಗಳು ಸಾಗುತ್ತಿವೆ ಎಂದು ಬರೆದದ್ದೂ ನಾನೇ.

ಆಮೇಲೆ ಅವನು ಈ ಕಡೆ ತಿರುಗಿದ.

“ಹಳೇದಾ?”

“ಹೌದು.”

“ಹಾಗಾದ್ರೆ ಬಸ್ಸು ಇತ್ತು. ಟೀವೀಲಿ ಇತ್ತು ತಾನೇ?”

“ಇತ್ತು.”

“ಬಸ್ಸು ನೋಡ್ದೆ ಅಂದ್ರೆ ಪೊಲೀಸ್ನೋರು ನಕ್ಕುಬಿಟ್ರು ಮೇಡಂ. ಅವತ್ತು ಮಧ್ಯಾಹ್ನ ಎರಡಕ್ಕೇ ಆ ರೂಟಿನ ಬಸ್ಸು ನಿಲ್ಲಿಸಿದ್ರಂತೆ. ದಿನಾ ಯೋಚ್ನೆ ಮಾಡ್ತಿದ್ದೆ, ನಾನು ನೋಡಿದ್ದು ಏನು ಅಂತ. ತಲೆಗೇ ಪೆಟ್ಟು ಬಿದ್ದಿದೆ ಅನ್ಕೊಂಡೆ.”

ಅಂದು ಅತ್ತ. ಕಾಲು ಹೋದದ್ದಕ್ಕಲ್ಲ. ತನ್ನ ಕಣ್ಣನ್ನೇ ನಂಬದ ಹಾಗೆ ಮಾಡಿಬಿಟ್ಟಿದ್ದೆ ನಾನು. ಇದಕ್ಕೆ ಯಾವ ತಿದ್ದುಪಡಿ ಬರೆಯಲಿ?

ಹೊರಗೆ ಬಂದರೆ ಹೆಂಡತಿ ಹಿಂದೆಯೇ ಬಂದಳು. ಬೈಯಲಿಲ್ಲ. ದನಿ ಏರಿಸಲಿಲ್ಲ.

“ಸುಳ್ಳು ಹೇಳಿದ್ದು ಊರಿಗೆಲ್ಲ. ತಪ್ಪಾಯ್ತು ಅನ್ನೋದು ನಮಗೊಬ್ರಿಗಾ? ಇಲ್ಲಿ ಹೇಳಿ ಹೋದ್ರೆ ಆ ಕಂಪನಿಯೋರಿಗೆ ಕೇಳಿಸುತ್ತಾ?”

ಜುಲೈ 29, ಮಂಗಳವಾರ

ತಿದ್ದುಪಡಿ ಬರೆದೆ. ನಾಲ್ಕು ವಾಕ್ಯ, ಇಪ್ಪತ್ತಾರು ಸೆಕೆಂಡು. ಬುಧವಾರ ಸುದ್ದಿಪಟ್ಟಿಗೆ ಸೇರಿಸಿದೆ, ಸುತ್ತೋಲೆ ಹೊಡೆದು ಹಾಕಿದರು. ಗುರುವಾರ ಸೇರಿಸಿದೆ, ಹೊಡೆದರು. ಶುಕ್ರವಾರ ಕೆಂಪು ಪೆನ್ನಿನಲ್ಲಿ ಹೊಡೆದರು. ನಿನ್ನೆ ಪಟ್ಟಿಯನ್ನು ನನಗೆ ಕೊಡದೆ ತಾವೇ ಇಟ್ಟುಕೊಂಡರು.

“ಕೊನೇ ವಾರ, ಗೌರವದಿಂದ ಮುಗಿಸೋಣ” ಅಂತೆ. ಗೌರವ ಅಂದರೆ ಹಳೆಯ ಮುಖಗಳು, ಹಳೆಯ ಸಂಗೀತ, ಮಂತ್ರಿಗಳ ಶುಭಾಶಯ. ಎಲ್ಲದರ ಮೇಲೂ ಬಲಮೂಲೆಯಲ್ಲಿ 'ಹಳೆಯ ದೃಶ್ಯ' ಅಚ್ಚುಕಟ್ಟಾಗಿದೆ.

ಬ್ಯಾಗಿನಲ್ಲಿದ್ದ ಕಾಗದ ಹರಿದೆ. ಕತ್ತರಿಯ ಮುಂದೆಯೇ. ಏನು ಅಂತ ಕೇಳಿದ, ಹೇಳಿದೆ. “ನನ್ನ ಹೆಸರಲ್ಲಿ ಸ್ಪೆಲಿಂಗ್ ಆದ್ರೂ ಸರಿ ಇತ್ತಾ ಮೇಡಂ?” ಅಂದ. ಇಬ್ಬರೂ ನಕ್ಕೆವು. ತಿಂಗಳಲ್ಲಿ ಮೊದಲ ನಗು.

ಜುಲೈ 30, ಬುಧವಾರ

ನಾಳೆ ಸುತ್ತೋಲೆ ಅತಿಥಿಗಳ ಜೊತೆ ಸ್ಟುಡಿಯೊ ಒಳಗೆ, ಸೆಟ್ಟಿನ ಪಕ್ಕ ಕೂತಿರುತ್ತಾರೆ. ಕಂಟ್ರೋಲ್ ರೂಮಿನಲ್ಲಿ ನಾನು, ಕತ್ತರಿ. ಪ್ರಾಂಪ್ಟರ್ ಮತ್ತೆ ಸತ್ತಿದೆ. ಓದುವವಳು ಹಾಳೆ ಕೈಯಲ್ಲಿ ಹಿಡಿದೇ ಓದಬೇಕು. ಅಂದರೆ ಒಂದು ಹಾಳೆ ಹೆಚ್ಚು ಸೇರಿಸಬಹುದು.

ಅಲ್ಪಪ್ರಾಣಳನ್ನು ಮೇಕಪ್ ರೂಮಿಗೆ ಕರೆದು ಹಾಳೆ ಕೊಟ್ಟೆ. ಎರಡು ಸಲ ಓದಿದಳು.

“ಇದರಲ್ಲಿ ಸುಳ್ಳೇನಾದ್ರೂ ಇದೆಯಾ ಮೇಡಂ?”

“ಇಲ್ಲ.”

“ಹಾಗಿದ್ರೆ ಓದ್ತೀನಿ. ಬೈದ್ರೆ ಬೈಸ್ಕೊಳ್ತೀನಿ, ನಾಡಿದ್ದಿಂದ ಹೇಗೂ ಇಲ್ಲಿ ಇರಲ್ಲ.”

ಇಂಥ ಹುಡುಗಿಗೆ ನಾನಿಟ್ಟ ಹೆಸರು ನೋಡು.

“ಮೊದಲನೇ ಸುದ್ದೀನೇ ಇದನ್ನ ಮಾಡಿ ಮೇಡಂ” ಅಂದ ಕತ್ತರಿ. ಆಗುವುದಿಲ್ಲ ಅಂದೆ. ತಿದ್ದುಪಡಿ ಬರುವುದು ಯಾವಾಗಲೂ ಹವಾಮಾನ ಆದ ಮೇಲೆ. ಇಪ್ಪತ್ತೆರಡು ವರ್ಷದಿಂದ ಹಾಗೇ. ಅಲ್ಲದೆ ಮೊದಲೇ ಹಾಕಿದರೆ ಸುತ್ತೋಲೆ ಎದ್ದು ನಿಲ್ಲಿಸಿಬಿಡಬಹುದು. ಹವಾಮಾನದ ನಂತರವೇ ಸರಿ.

ಚಾಲಕನ ಹೆಂಡತಿಗೆ ಫೋನ್ ಮಾಡಿದೆ. ನಾಳೆ ಆರೂವರೆಯ ವಾರ್ತೆ, ಕೊನೆಯವರೆಗೂ ನೋಡಿ ಅಂದೆ. ಹಾಲಿನ ಕಂಪನಿಯ ಮ್ಯಾನೇಜರಿಗೂ ಹೇಳುತ್ತೇನೆ ಅಂದಳು. ವಾರ್ಡಿನಲ್ಲಿ ಟೀವಿ ಇದೆಯಂತೆ.

ಜುಲೈ 31, ಗುರುವಾರ. 7.04

ಹೋಗಲಿಲ್ಲ. ತಿದ್ದುಪಡಿ ಹೊರಗೆ ಹೋಗಲಿಲ್ಲ.

6.53ಕ್ಕೆ ಹವಾಮಾನ ಮುಗಿಯಿತು. ಅವಳು ಹಾಳೆ ತೆಗೆದುಕೊಂಡಳು. “ಒಂದು ತಿದ್ದುಪಡಿ” ಅಂದಳು. ಅಷ್ಟರಲ್ಲಿ ನನ್ನ ಎದುರಿನ ಎರಡು ತೆರೆಯಲ್ಲಿ ಒಂದು ಬೇರೆಯಾಯಿತು. ಒಂದರಲ್ಲಿ ಅವಳು, ಓದುತ್ತಿದ್ದಾಳೆ. ಇನ್ನೊಂದರಲ್ಲಿ — ಮನೆಗಳಿಗೆ ಹೋಗುವ ತೆರೆ ಅದು — ರಾಜಧಾನಿಯ ಹೊಸ ಸ್ಟುಡಿಯೊ, ನೀಲಿ ಬೆಳಕು, 'ನಾಳೆಯಿಂದ ನಿಮಗಾಗಿ'. ಏಳು ಗಂಟೆಗೆ ಆರು ನಿಮಿಷ ಮುಂಚೆಯೇ ಪ್ರಸಾರದ ಲೈನ್ ಎತ್ತಿಕೊಂಡಿದ್ದರು. ನಮಗೊಂದು ಮಾತು ಹೇಳಿಲ್ಲ. ಯಾಕೆ ಹೇಳಬೇಕು, ಹವಾಮಾನ ಆದ ಮೇಲೆ ನಮ್ಮಲ್ಲಿ ಮುಖ್ಯವಾದ್ದು ಏನೂ ಇರುವುದಿಲ್ಲ ಎಂದು ಇಡೀ ಸಂಸ್ಥೆಗೆ ಗೊತ್ತು.

ಅವಳಿಗೆ ಗೊತ್ತಾಗಲಿಲ್ಲ. ನಾಲ್ಕೂ ವಾಕ್ಯ ಪೂರ್ತಿ ಓದಿದಳು. ಒಂದು ಅಕ್ಷರ ತಪ್ಪಲಿಲ್ಲ. ಕತ್ತರಿ ಮೇಜಿಗೆ ಗುದ್ದಿದ. ಸ್ಟುಡಿಯೊ ಒಳಗೆ ಅತಿಥಿಗಳು ಚಪ್ಪಾಳೆ ಹೊಡೆದರು, ಅದೂ ಗೌರವದ ಭಾಗ ಅಂದುಕೊಂಡು. ಸುತ್ತೋಲೆ ಮಾತ್ರ ಗಾಜಿನಾಚೆಯಿಂದ ನನ್ನನ್ನು ನೋಡಿ, ಗಡಿಯಾರ ನೋಡಿ, ನಕ್ಕರು.

7.00ಕ್ಕೆ ಚಾಲಕನ ಹೆಂಡತಿಯ ಫೋನು. “ಬರ್ಲಿಲ್ಲ ಮೇಡಂ” ಅಂದಳು. ಇಟ್ಟಳು.

ಯಾರ ಮೇಲೆ ಕೂಗಾಡಲಿ? ರಾಜಧಾನಿಯವರ ಮೇಲೆಯೇ? ತಪ್ಪು ಮಾಡಿದ್ದು ಎರಡನೇ ಸುದ್ದಿಯಾಗಿ, ಒಪ್ಪಿಕೊಳ್ಳಲು ಹೊರಟದ್ದು ಹವಾಮಾನದ ಆಚೆ, ಜನ ಎದ್ದು ಹೋದ ಮೇಲೆ. ಆ ಜಾಗ ಆರಿಸಿದ್ದು ನಾನು. ಕತ್ತರಿ ನಿನ್ನೆಯೇ ಹೇಳಿದ್ದ.

ಬಾಗಿಲು ತಟ್ಟುತ್ತಿದ್ದಾರೆ, ಫೋಟೊಗೆ ಕರೆಯುತ್ತಿದ್ದಾರೆ. ಹೋಗುವುದಿಲ್ಲ. ರಸ್ತೆ ದಾಟುತ್ತೇನೆ.

7.24

ಎದುರಿನ ಕಟ್ಟಡ. ಮೊದಲ ಸಲ ಒಳಗೆ ಬಂದಿದ್ದೇನೆ. ಮೇಕಪ್ ಬೇಡ ಅಂದೆ.

ಶಿಷ್ಯ ಬಾಗಿಲಲ್ಲೇ ತಡೆದಿದ್ದ. “ಅಕ್ಕಾ, ನಾವು ಮಾತಾಡಿದ್ದು ಏನಾಯ್ತು?”

“ನಿಂದು ನೀನು ಹೇಳ್ಕೋ, ಬಿಡು. ನಂದು ನಾನು ಹೇಳ್ತೀನಿ. ಏಳೂವರೆಗೆ, ಲೈವ್, ಮೊದಲನೇ ಸುದ್ದಿ. ಆಗಲ್ಲ ಅಂದ್ರೆ ಈಗ್ಲೇ ಹೊರಟೆ.”

ಗಡಿಯಾರ ನೋಡಿದ. ಕಣ್ಣಲ್ಲಿ ಆಸೆ ಕಂಡಿತು. ಒಪ್ಪುತ್ತಾನೆಂದು ಗೊತ್ತಾಯಿತು. ತೆರೆಯ ಮೇಲೆ ಆಗಲೇ ಹೊಡೆದಿದ್ದಾರೆ — 'ಎದುರಾಳಿ ಚಾನೆಲ್‌ನ ಬಣ್ಣ ಬಯಲು'. ಹೊಡೆಯಲಿ. ಅಕ್ಷರ ತೆಗೆಸಿದ್ದು ಮುಖ್ಯಸ್ಥರು ಎಂದರೆ ಇನ್ನೂ ಜೋರಾಗಿರುತ್ತೆ ಅಂದ. ತೆಗೆಸಿದ್ದು ನಾನು ಅಂದೆ. ಮುಖ ಸಣ್ಣ ಮಾಡಿಕೊಂಡ.

ಚಾಲಕನ ಹೆಂಡತಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಚಾನೆಲ್ ಬದಲಾಯಿಸಿ ಎಂದು ಮೆಸೇಜ್ ಹಾಕಿದ್ದೇನೆ. ನೋಡಿದ ಗುರುತು ಇನ್ನೂ ಬಂದಿಲ್ಲ.

ಕ್ಯಾಮೆರಾ ಮುಂದೆ ಕೂತ ಮೇಲೆ ನಾಲಿಗೆ ತಡವರಿಸಬಾರದು. ಬರೆದುಕೊಳ್ಳುತ್ತೇನೆ. ಜುಲೈ ಒಂಬತ್ತರ ಸಂಜೆ ಕೆಳಸೇತುವೆಯ ಮೇಲೆ ಯಾವ ಬಸ್ಸೂ ಹೋಗಲಿಲ್ಲ. ಹಾಲಿನ ವ್ಯಾನಿನ ಚಾಲಕ ಯಾವ ಎಚ್ಚರಿಕೆಯನ್ನೂ ಕಡೆಗಣಿಸಲಿಲ್ಲ. ಅವರಿಗೆ ಯಾರೂ ಎಚ್ಚರಿಕೆ ಕೊಟ್ಟಿರಲಿಲ್ಲ. ಅವರು ಆ ಸಂಜೆ ನಂಬಿದ್ದು ನಾನು ಬರೆದ ಒಂದು ವಾಕ್ಯವನ್ನು: ವಾಹನಗಳು ನಿಧಾನವಾಗಿ ಸಾಗುತ್ತಿವೆ.